ಜನರೇಟರ್ ಪಕ್ಕ ಕುಳಿತಾಕೆ

ನಮ್ಮ ಆಫೀಸಿನಲ್ಲಿ ಏನಾದರೂ ಎಡವಟ್ಟಾದರೆ ಯಾರ ಕೆಲಸವೆಂದು ಹುಡುಕುವ ಕಷ್ಟವೇ ಇರಲಿಲ್ಲ. ಆಕೆಯೇ ಮುಂದೆ ಬಂದು “ತಪ್ಪು ನಂದು” ಎಂದುಬಿಡುತ್ತಿದ್ದರು. ಹೇಳುವಾಗ ಮುಖದಲ್ಲಿ ಸಂಕೋಚವೂ ಇಲ್ಲ, ಬೇಸರವೂ ಇಲ್ಲ. ಸಂಕೋಚವೆಲ್ಲ ಪಕ್ಕದಲ್ಲಿ ನಿಂತ ನನಗೆ. ಒಂದೇ ಆಫೀಸಿನವರು ಎಂದಮೇಲೆ ಒಬ್ಬರ ಮೇಲೆ ಬಿದ್ದ ಕೆಸರು ಇನ್ನೊಬ್ಬರಿಗೂ ಸಿಡಿಯುತ್ತದಲ್ಲ. ಎಷ್ಟೋ ವರ್ಷ ನಾನು ಆಕೆಗಾಗಿ ನಾಚಿಕೊಂಡೆ. ಈಗಲೂ ನಾಚಿಕೆ ಬಿಟ್ಟಿಲ್ಲ, ಆದರೆ ಅದು ಆಕೆಯ ಸಲುವಾಗಿ ಅಲ್ಲ.

ಹೆಸರು ಬರೆಯುವುದಿಲ್ಲ. ಹಿರಿಯೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ‘ಆಪಾ’, ಅಂದರೆ ಅಕ್ಕ, ಎಂದು ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು. ಚಿತ್ರದುರ್ಗದ ಹಳೆಯ ಪೇಟೆಯವರು. ತಾತ ಮುತ್ತಾತಂದಿರು ಕುದುರೆಗೆ ಲಾಳ ಹೊಡೆಯುತ್ತಿದ್ದರಂತೆ. ಅಣ್ಣಂದಿರದು ಸೈಕಲ್ ಅಂಗಡಿ. ಆಪಾ ಮದುವೆಯಾಗಿರಲಿಲ್ಲ. ಗಿಡ್ಡ ಆಳು, ಹತ್ತಿ ಸೀರೆ, ತಲೆ ಮೇಲೆ ಸೆರಗು, ಬಗಲಲ್ಲಿ ಬಿಸಿಲಿಗೊಂದು ಕೊಡೆ. ನಡಿಗೆ ಮಾತ್ರ ಬಸ್ಸು ಹಿಡಿಯಲು ಹೊರಟವರಂತೆ. ಮೊದಲ ಸಲ ನನ್ನನ್ನು ಕೂರಿಸಿಕೊಂಡು ಕೆಲಸ ಹೇಳಿಕೊಟ್ಟಾಗ ಆಕೆ ಹೇಳಿದ್ದು ಇಷ್ಟೇ:

“ನಮ್ದು ಕುದುರೆ ಕಾಲು ಎತ್ತಿ ತೊಡೆ ಮೇಲೆ ಇಟ್ಕಂಡು ಕೆಲಸ ಮಾಡಿದ ಮನೆತನ ಕಣಪ್ಪ. ಒದ್ರೆ ಒದೀಲಿ ಅಂತಾನೇ ಕುಂತಿರ್ಬೇಕು. ಒದ್ತು ಅಂತ ಕಾಲು ಬಿಟ್ರೆ ಲಾಳ ಯಾರು ಹೊಡೀತಾರೆ?”

ನಮ್ಮ ಕೆಲಸವನ್ನು ಹೊರಗಿನವರಿಗೆ ತಿಳಿಸುವುದು ಸ್ವಲ್ಪ ಕಷ್ಟ. ನನ್ನ ಅವ್ವನಿಗೆ ಇವತ್ತಿಗೂ ಅರ್ಥವಾಗಿಲ್ಲ. ಮಗ ಮೆಡಿಕಲ್ ಶಾಪಿನಲ್ಲಿದ್ದಾನೆ ಎಂದೇ ಎಲ್ಲರಿಗೂ ಹೇಳುತ್ತಾಳೆ. ಫ್ಯಾಕ್ಟರಿ, ಗಣಿ, ಖಾಸಗಿ ಶಾಲೆಗಳು ತಮ್ಮ ನೌಕರರಿಗೂ ಅವರ ಮನೆಯವರಿಗೂ ಔಷಧಿಯ ಸವಲತ್ತು ಕೊಡುತ್ತವೆ. ಯಾವ ಔಷಧಿ ಕೊಡಬಹುದು, ಯಾವ ಅಂಗಡಿಯಲ್ಲಿ, ಮನೆಯಲ್ಲಿ ಯಾರು ಯಾರಿಗೆ ಎಂದು ಸಲಹೆ ಕೊಟ್ಟು ಅದನ್ನು ನಡೆಸಿಕೊಡುವುದು ನಮ್ಮ ಸಂಸ್ಥೆ. ಬೆಂಗಳೂರಿನಲ್ಲಿ ದೊಡ್ಡ ಆಫೀಸು, ದುರ್ಗದಲ್ಲಿ ನಮ್ಮದೊಂದು ಮಹಡಿ. ಸವಲತ್ತು ಕೊಡುವ ಸಂಸ್ಥೆಗಳಿಗೆ ನಮ್ಮಲ್ಲಿ ‘ಪಾರ್ಟಿ’ ಎನ್ನುತ್ತೇವೆ. ಪಾರ್ಟಿಗಳನ್ನು ನೋಡಿಕೊಳ್ಳುವುದು ಆಪಾ, ಔಷಧಿ ಅಂಗಡಿಗಳನ್ನು ನೋಡಿಕೊಳ್ಳುವುದು ನಾನು. ಊರಿಗೆಲ್ಲ ಸವಲತ್ತು ಹಂಚುವ ನಮಗೆ ಮಾತ್ರ ಅಂಥ ಸವಲತ್ತು ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲು.

ಆಪಾನ ಮೊದಲ ‘ತಪ್ಪು’ ನಾನು ಕಂಡದ್ದು ಹೊಳಲ್ಕೆರೆ ಕಡೆ, ತಾಳ್ಯದಲ್ಲಿ. ಗಣಿಯ ಲಾರಿ ಓಡಿಸುತ್ತಿದ್ದ ಹಿರಿಯನೊಬ್ಬ ತನ್ನ ಬಿಪಿ ಮಾತ್ರೆ ಬದಲಾಗಿದೆ ಎಂದು ಕೂಗಾಡಿದ್ದ. ಔಷಧಿ ಅದೇ, ಕಂಪನಿ ಬೇರೆ. ಮೊದಲು ಬಿಳಿಯದಿತ್ತು, ಈಗ ಗುಲಾಬಿ. ಸವಲತ್ತಿನಲ್ಲಿ ಇನ್ನು ಮುಂದೆ ಗುಲಾಬಿಯೇ ಎಂದು ಬೆಂಗಳೂರಿನವರು ತೀರ್ಮಾನಿಸಿದ್ದರು. ಆಪಾ ಅವನ ಮನೆ ಜಗಲಿಯಲ್ಲಿ ಕೂತು ತಿಳಿಹೇಳಿದರು.

“ಸೀರೆ ಬಣ್ಣ ಬದಲಾದ್ರೆ ಹೆಂಡ್ತಿ ಬದಲಾಗ್ತಾಳೇನಣ್ಣ? ಒಳಗಿರೋದು ಅದೇ ಔಷಧಿ ಐತೆ.”

“ಬಣ್ಣ ಬದಲಾದ್ರೆ ಆಗ್ಲಿ ಬಿಡಮ್ಮ. ಹೊಸ ಸೀರೆ ತಂದ್ಕೊಟ್ಟೋರು ಯಾರು ಅಂತ ಗಂಡ ಕೇಳ್ಬೇಕೋ ಬೇಡ್ವೋ?”

ಆಪಾ ಬಿದ್ದು ಬಿದ್ದು ನಕ್ಕರು. ನಗುತ್ತಲೇ ಸೋತರು. ಅವನಿಗೆ ಬಿಳಿ ಮಾತ್ರೆಯನ್ನೇ ಕೊಡಿಸಿ, ಬೆಂಗಳೂರು ಕೇಳಿದಾಗ ‘ಸುತ್ತೋಲೆ ಸರಿಯಾಗಿ ಓದಿರಲಿಲ್ಲ, ತಪ್ಪು ನಂದು’ ಎಂದರು. ಸುತ್ತೋಲೆಯನ್ನು ನನಗೆ ಓದಿ ವಿವರಿಸಿದ್ದೇ ಆಕೆ! ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಇದೇನೋ ದಾಕ್ಷಿಣ್ಯದ ಹೆಂಗಸು, ಪಾರ್ಟಿ ನಿಭಾಯಿಸಲು ಲಾಯಕ್ಕಿಲ್ಲ ಎಂದುಕೊಂಡೆನೇ ಹೊರತು ಬೇರೇನೂ ಹೊಳೆಯಲಿಲ್ಲ.

ಹಿರಿಯೂರಿನ ಗಾರ್ಮೆಂಟ್ಸ್ ಆಕೆಯ ದೊಡ್ಡ ಪಾರ್ಟಿ. ಅಲ್ಲಿ ಹೆಂಗಸರೇ ಜಾಸ್ತಿ. ವರ್ಷಕ್ಕೊಮ್ಮೆ ಹೆಸರು ನೋಂದಾಯಿಸುವ ಕೆಲಸ. ನೌಕರರು ಗಂಡ ಅಥವಾ ಹೆಂಡತಿ, ಮಕ್ಕಳು ಎಲ್ಲರನ್ನೂ ಸೇರಿಸಬಹುದು. ಹಿರಿಯರಲ್ಲಿ ಮಾತ್ರ ಒಂದೇ ಕಡೆಯವರು: ಹೆತ್ತವರು, ಇಲ್ಲವೇ ಅತ್ತೆಮಾವ. ಒಮ್ಮೆ ಹೇಳಿದರೆ ಮುಂದಿನ ವರ್ಷದವರೆಗೆ ಬದಲಾಯಿಸುವಂತಿಲ್ಲ. ಗಣಿಯಲ್ಲಿ ಗಂಡಸರು ಇದನ್ನು ಕೇಳಿದ ಕೂಡಲೇ “ನಮ್ಮಪ್ಪ ನಮ್ಮವ್ವ” ಎಂದು ಹೇಳಿ ಬೀಡಿ ಹಚ್ಚಲು ಹೋಗುತ್ತಿದ್ದರು. ಹೆಂಗಸರ ಮುಖ ಮಾತ್ರ ಈ ಪ್ರಶ್ನೆ ಬಂದಾಗ ಒಂದು ಕ್ಷಣ ನಿಂತುಬಿಡುತ್ತಿತ್ತು.

ಫ್ಯಾಕ್ಟರಿಯ ಮ್ಯಾನೇಜರು ಇದಕ್ಕಾಗಿ ತಮ್ಮ ಎಸಿ ಕೋಣೆಯನ್ನೇ ಬಿಟ್ಟುಕೊಟ್ಟಿದ್ದರು. ಆಪಾ ಅಲ್ಲಿ ಕೂರುತ್ತಿರಲಿಲ್ಲ. ಹಿಂದುಗಡೆ ಜನರೇಟರ್ ಶೆಡ್ಡಿನ ಪಕ್ಕ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದರು. ಆ ಗದ್ದಲದಲ್ಲಿ ಪಕ್ಕದವರ ಮಾತೂ ಕೇಳಿಸದು. ಹೆಂಗಸರು ಒಬ್ಬೊಬ್ಬರೇ ಬಂದು, ಬಗ್ಗಿ, ಆಕೆಯ ಕಿವಿಗೆ ಬಾಯಿಟ್ಟು ಹೇಳಿ ಹೋಗಬೇಕು.

“ಇದೇನ್ರೀ ಆಪಾ, ತಣ್ಣಗೆ ಒಳಗೆ ಕುಂತ್ಕಳ್ರಿ ಅಂದ್ರೆ ಈ ಹೊಗೇಲಿ ಕುಂತೀರಿ?” ಎಂದು ಮ್ಯಾನೇಜರು ಕೇಳಿದರೆ, “ಎಸಿ ಅಂದ್ರೆ ನನಗೆ ತಲೆನೋವು ಸಾರ್” ಎಂಬ ಉತ್ತರ.

ಅಷ್ಟು ಗಲಾಟೆಯಲ್ಲಿ ಬರೆದುಕೊಂಡರೆ ತಪ್ಪಾಗದೇ ಇನ್ನೇನಾಗುತ್ತದೆ ಎಂದು ನಾನು ಗೊಣಗುತ್ತಿದ್ದೆ. ತಪ್ಪುಗಳು ಆಗುತ್ತಲೂ ಇದ್ದವು. ಪ್ರತಿ ವರ್ಷ ನೋಂದಣಿ ಮುಗಿದ ಮೇಲೆ ಹಿರಿಯೂರಿನ ಅಂಗಡಿಗಳಿಂದ ನನಗೆ ಫೋನು ಬರಲು ಶುರು. ಯಾರೋ ಅತ್ತೆ ಬಂದಿದ್ದಾಳೆ, ಹೆಸರಿಲ್ಲ ಅಂತಿದೆ, ಜಗಳ ಮಾಡುತ್ತಿದ್ದಾಳೆ, ಬರ್ರಿ.

ಒಮ್ಮೆ ನಾನೂ ಆಪಾನೂ ಒಟ್ಟಿಗೇ ಹೋದೆವು. ಅಂಗಡಿಯೆದುರು ಕೊಬ್ಬರಿ ವ್ಯಾಪಾರಿಗಳೆಲ್ಲ ನಿಂತು ನೋಡುತ್ತಿದ್ದರು. ಅಜ್ಜಿಯೊಬ್ಬಳು ಕೌಂಟರಿನ ಮೇಲೆ ಔಷಧಿ ಚೀಟಿ ಕುಕ್ಕಿ ಕೂಗುತ್ತಿದ್ದಳು: “ನನ್ ಸೊಸೆ ಹಗಲೂರಾತ್ರಿ ಅಲ್ಲಿ ಹೊಲೀತಾಳೆ. ಬೇರೆಯೋರ ಅತ್ತೇರಿಗೆಲ್ಲ ಐತೆ, ನಂಗ್ಯಾಕಿಲ್ಲ? ಅವಳೇ ಬ್ಯಾಡ ಅಂದ್ಲಾ? ಹೇಳ್ರಿ, ಅವಳೇ ಅಂದ್ಲಾ?”

ಆಪಾ ಕೊಡೆ ಮಡಚಿ ನಿಂತರು. “ಇಲ್ಲಮ್ಮ. ನಿಮ್ ಸೊಸೆ ನಿಮ್ ಹೆಸ್ರು ಎರಡ್ ಸಲ ಹೇಳಿದ್ಲು. ನಾನೇ ಬಿಟ್ಬಿಟ್ಟೆ. ತಪ್ಪು ನಂದು.”

ಸರಿ, ಅಜ್ಜಿಯ ಸಿಟ್ಟೆಲ್ಲ ಇತ್ತ ತಿರುಗಿತು. ಕಣ್ಣು ಕಾಣಲ್ವಾ, ಸಂಬಳ ಯಾಕೆ ತಗಳ್ತೀಯ, ನಿನ್ನ ವಂಶ ಹಾಳಾಗ ಎಂದು ಬೈದು ಬೈದು ಸುಸ್ತಾದಳು. ನಾನು ಮೆಲ್ಲಗೆ ಸರಿದು, ಹೈವೇಯಲ್ಲಿ ಹೋಗುವ ಬಸ್ಸುಗಳ ಬೋರ್ಡು ಓದುವವನಂತೆ ನಿಂತೆ. ಆಕೆಯ ಜೊತೆ ಬಂದವನೆಂದು ಯಾರಿಗೂ ಗೊತ್ತಾಗದಿದ್ದರೆ ಸಾಕಿತ್ತು. ಬೈಗುಳ ಮುಗಿದ ಮೇಲೆ ಆಪಾ ಬಂದು, “ಎಳನೀರು ಕುಡಿಯಾಣ ಬಾರಪ್ಪ. ಬೈಸ್ಕಂಡ್ರೆ ಬಾಯಾರ್ತದೆ” ಎಂದರು. ನಾನು ಎಳನೀರು ಕುಡಿಯುತ್ತಲೇ ಆಕೆಗೆ ಶಿಸ್ತಿನ ಬಗ್ಗೆ ಉಪದೇಶ ಮಾಡಿದೆ. ಆಕೆ ಗಂಜಿಯನ್ನು ಕೆರೆದು ತಿನ್ನುತ್ತಾ ತಲೆಯಾಡಿಸಿದರು.

ಅಂಗಡಿಯವನು ಹೆಸರು ಹಾಕಿದರೆ ಕಂಪ್ಯೂಟರು ‘ಇದೆ’ ಅಥವಾ ‘ಇಲ್ಲ’ ಎಂದಷ್ಟೇ ಹೇಳುತ್ತದೆ. ಬದಲಿಗೆ ಯಾರ ಹೆಸರಿದೆ ಎಂಬುದನ್ನು ತೋರಿಸುವುದಿಲ್ಲ. ಮೊದಲು ತೋರಿಸುತ್ತಿತ್ತು, ಆಪಾ ಬೆಂಗಳೂರಿನವರ ಜೊತೆ ಜಗಳವಾಡಿ ಅದನ್ನು ತೆಗೆಸಿದ್ದರು. ಯಾರ ಮನೆಯ ವಿಷಯ ಯಾರಿಗೂ ಗೊತ್ತಾಗಬಾರದು ಎಂಬುದು ಆಕೆಯ ಹಠ. ಹಾಗಾಗಿ ಪಾರ್ಟಿಯ ಪಟ್ಟಿಯೂ ಆ ಪಾರ್ಟಿ ನೋಡಿಕೊಳ್ಳುವವರಿಗೆ ಮಾತ್ರ ತೆರೆಯುತ್ತಿತ್ತು. ಸೌಮ್ಯ ಸ್ವಭಾವದ ಆ ಹೆಂಗಸು ಫೋನಿನಲ್ಲಿ ಕೂಗಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಈ ತಪ್ಪುಗಳಿಗೆಲ್ಲ ಬೆಲೆ ಇತ್ತು. ಪ್ರತಿಯೊಂದೂ ದಾಖಲಾಗಿ ಆಕೆಯ ಹೆಸರಿನ ಮುಂದೆ ಕೂರುತ್ತಿತ್ತು. ಹೊಸದಾಗಿ ಬಂದ ಹುಡುಗರು ಆಕೆಯಿಂದ ಕೆಲಸ ಕಲಿತು ಆಕೆಗಿಂತ ಮೇಲೆ ಹೋದರು. ಕೊನೆಗೆ ದುರ್ಗದ ಆಫೀಸಿಗೆ ಮುಖ್ಯಸ್ಥರು ಬೇಕೆಂದಾಗ, ವಯಸ್ಸಿನಲ್ಲೂ ಅನುಭವದಲ್ಲೂ ಆಕೆಗೆ ಬರಬೇಕಾದ ಕುರ್ಚಿ ನನಗೆ ಬಂತು. “ಆಕೆ ಒಳ್ಳೆಯವರೇ, ಆದ್ರೆ ನಂಬೋ ಹಾಗಿಲ್ಲ” ಎಂದರು ಬೆಂಗಳೂರಿನವರು. ನಾನೂ ಹೌದೆಂದೆ. ಆವತ್ತಿನಿಂದ ಆಕೆ ನನ್ನನ್ನು ‘ಏನಪ್ಪ’ ಎನ್ನುವುದು ಬಿಟ್ಟು ‘ಸಾರ್’ ಎನ್ನತೊಡಗಿದರು. ನಾನು ಬೇಡವೆನ್ನಲಿಲ್ಲ.

ಆಮೇಲೆ ನನ್ನ ಹೆಂಡತಿ ಪಾಠ ಮಾಡುವ ಶಾಲೆ ನಮ್ಮ ಪಾರ್ಟಿಯಾಯಿತು. ಆಪಾನೇ ಹೋಗಿ ನೋಂದಣಿ ಮುಗಿಸಿ ಬಂದರು. ಶಾಲೆಯಲ್ಲಿ ಜನರೇಟರ್ ಇಲ್ಲವೆಂದು ಮಕ್ಕಳ ಬ್ಯಾಂಡ್ ಅಭ್ಯಾಸ ನಡೆಯುವ ವರಾಂಡದಲ್ಲಿ ಕೂತಿದ್ದರಂತೆ. ನಾನು ಮನೆಗೆ ಬಂದು ಅವ್ವನಿಗೆ ಜಂಬದಿಂದ ಹೇಳಿದೆ: “ಇನ್ಮೇಲೆ ನಿನ್ನ ಬಿಪಿ ಮಾತ್ರೆ ಪುಕ್ಕಟೆ ಕಣವ್ವ. ಅಂಗಡೀಗೆ ಹೋಗಿ ಸೊಸೆ ಹೆಸರು ಹೇಳಿ ಇಸ್ಕ.” ಸೊಸೆಯನ್ನು ಒಂದು ಮಾತು ಕೇಳಬೇಕೆಂದು ನನಗೆ ಅನಿಸಲೇ ಇಲ್ಲ. ಕೇಳುವಂಥದ್ದು ಏನಿತ್ತು?

ಅವ್ವ ಬರಿಗೈಯಲ್ಲಿ ವಾಪಸು ಬಂದಳು. ಹೆಸರಿಲ್ಲವಂತೆ.

ಮಾರನೆಯ ದಿನ ಆಪಾನನ್ನು ನನ್ನ ಕೋಣೆಗೆ ಕರೆದೆ. ಬೇರೆ ಸಮಯದಲ್ಲಿ ಥಟ್ಟನೆ ಬರುತ್ತಿದ್ದ ಉತ್ತರ ಆ ದಿನ ತಡವಾಯಿತು. ಕುರ್ಚಿಯ ತುದಿಯಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ನನ್ನ ಮುಖವನ್ನೇ ನೋಡಿದರು. ನನ್ನನ್ನು ಅಳೆಯುತ್ತಿದ್ದರು ಎಂದು ಈಗ ಗೊತ್ತಾಗುತ್ತಿದೆ. ಅಳೆದು ನೋಡಿ, ಇವನು ಸಾಲದು ಎಂದು ತೀರ್ಮಾನಿಸಿರಬೇಕು.

“ನಿಮ್ ಮನೆಯೋರು ನಿಮ್ ತಾಯಿ ಹೆಸರೇ ಹೇಳಿದ್ರು ಸಾರ್. ನಾನು ಹಾಕೋದು ಮರೆತೆ. ತಪ್ಪು ನಂದು.”

ನಾನು ಬೈಯಲಿಲ್ಲ. ಕ್ಷಮಿಸಿದೆ. ಬೈದಿದ್ದರೇ ಚೆನ್ನಾಗಿತ್ತು, ಬೈಗುಳ ಅಲ್ಲಿಗೇ ಮುಗಿಯುತ್ತದೆ. ನನ್ನ ಕ್ಷಮೆ ಮುಗಿಯಲೇ ಇಲ್ಲ. ಆಫೀಸಿನಲ್ಲಿ ಹೇಳಿದೆ, ಬೆಂಗಳೂರಿನ ಮೀಟಿಂಗಿನಲ್ಲಿ ಹೇಳಿದೆ, ನೆಂಟರ ಮನೆಯ ಊಟದ ಪಂಕ್ತಿಯಲ್ಲಿ ಹೇಳಿದೆ: ನನ್ನ ಹೆತ್ತ ತಾಯಿಯ ಹೆಸರನ್ನೇ ಬಿಟ್ಟರು, ಆದರೂ ನಾನು ಒಂದು ಮಾತು ಆಡಲಿಲ್ಲ. ಆ ದಿನ ಸಂಜೆ ಮನೆಗೆ ಹೋದಾಗ ಹೆಂಡತಿ ಬಾಗಿಲಲ್ಲೇ ನಿಂತು, “ಆಪಾ ಏನಂದ್ರು?” ಎಂದು ಕೇಳಿದಳು. ಮರೆತರಂತೆ ಎಂದೆ. ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತಳು. ಅತ್ತೆಗೆ ಔಷಧಿ ಸಿಗಲಿಲ್ಲವೆಂದು ಎಷ್ಟು ಬೇಸರ ಪಾಪ ಎಂದುಕೊಂಡು, ಅವ್ವನ ಮಾತ್ರೆ ಇನ್ನು ಮೇಲೆ ನಾನೇ ತರುತ್ತೇನೆ, ಆ ಪಟ್ಟಿಯ ಗೊಡವೆಯೇ ಬೇಡ ಬಿಡು ಎಂದು ಸಮಾಧಾನ ಹೇಳಿದೆ.

ಹೆಂಡತಿಯ ತವರು ಧರ್ಮಪುರ. ಮಾವ ತೀರಿಕೊಂಡಿದ್ದಾರೆ, ಗಂಡುಮಕ್ಕಳಿಲ್ಲ, ನಮ್ಮತ್ತೆಗೆ ಹೃದಯದ ಕಾಯಿಲೆ. ತವರಿಗೆ ಹೋಗಿ ಬಂದಾಗಲೆಲ್ಲ ಹೆಂಡತಿ ಒಂದು ಚೀಲ ಕಡಲೆಕಾಯಿ ತಂದು “ಆಪಾಗೆ ಕೊಡ್ರಿ” ಎನ್ನುತ್ತಿದ್ದಳು. ನಮ್ಮ ಅವ್ವನನ್ನೇ ಮರೆತವರಿಗೆ ಕಡಲೆಕಾಯಿ ಬೇರೆಯಾ ಎಂದರೆ, “ಇರ್ಲಿ ಬಿಡ್ರಿ” ಎಂದು ಒಳಗೆ ಹೋಗುತ್ತಿದ್ದಳು. ನನ್ನ ಮನೆಯಲ್ಲಿ ಎಲ್ಲರದೂ ದೊಡ್ಡ ಮನಸ್ಸು ಎಂದು ನಾನು ಹಿಗ್ಗಿದೆ.

ಮುಂದಿನ ವರ್ಷ ಗಾರ್ಮೆಂಟ್ಸ್ ಪಾರ್ಟಿಯನ್ನು ಆಪಾನಿಂದ ಬಿಡಿಸಿ ಚುರುಕಾದ ಹೊಸಬನೊಬ್ಬನಿಗೆ ಕೊಟ್ಟೆ. ವಯಸ್ಸಾಯಿತು, ಹೊಗೆಯಲ್ಲಿ ಕೂರುವುದು ಬೇಡ ಎಂದು ನಯವಾಗಿಯೇ ಹೇಳಿದೆ. ಆಕೆ ಮೊದಲ ಬಾರಿ ಎದುರು ಮಾತಾಡಿದರು. “ಅದೊಂದು ನನಗೇ ಇರ್ಲಿ ಸಾರ್. ಬೇರೆ ಯಾವ್ದನ್ನಾದ್ರೂ ತಗಳ್ರಿ.” ನಾನು ಒಪ್ಪಲಿಲ್ಲ. ಹೊಸಬ ಎಸಿ ಕೋಣೆಯಲ್ಲಿ ಎಲ್ಲರನ್ನೂ ಸಾಲಾಗಿ ಕೂರಿಸಿ, ಒಬ್ಬೊಬ್ಬರ ಹೆಸರು ಕೂಗಿ, ಗೋಡೆಯ ಪರದೆಯ ಮೇಲೆ ಎಲ್ಲರಿಗೂ ಕಾಣುವಂತೆ ನೋಂದಣಿ ಮಾಡಿದ. ಆ ವರ್ಷ ಹಿರಿಯೂರಿನಿಂದ ಒಂದೂ ದೂರು ಬರಲಿಲ್ಲ. “ತಾಯಿ ಹೆಸರು ಇದ್ದೋರೆಲ್ಲ ಹೆಚ್ಚು ಕಮ್ಮಿ ಅತ್ತೆ ಹೆಸರಿಗೆ ಬದಲಾಯ್ಸಿದಾರೆ ಸಾರ್. ಹಳೇ ಪಟ್ಟಿ ಪೂರಾ ತಪ್ಪಿತ್ತು” ಎಂದ. ನಾನು ಅದನ್ನು ಆಪಾನಿಗೂ ಹೇಳಿದೆ, ಕಲಿಯಲಿ ಎಂದು.

“ಎಲ್ರೂ ಬದಲಾಯ್ಸಿದ್ರಾ ಸಾರ್?” ಎಂದು ಕೇಳಿದರು. ಹೌದೆಂದೆ. ಎದ್ದು ಹೋಗಿ ಮೆಟ್ಟಿಲ ಹತ್ತಿರ ಬಹಳ ಹೊತ್ತು ನಿಂತಿದ್ದರು.

ಈಚೆಗೆ ಆಪಾ ನಿವೃತ್ತರಾದರು. ದುರ್ಗದ ಒಂದು ಹೋಟೆಲಿನಲ್ಲಿ ಮಧ್ಯಾಹ್ನದ ಊಟ, ಶಾಲು, ಹಣ್ಣಿನ ಬುಟ್ಟಿ. ನಾನು ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ. ಮುಖ್ಯಸ್ಥನಾಗಿ ನಾನು ಮಾತಾಡಬೇಕಾಯಿತು. ತಮಾಷೆಯಾಗಿ ಶುರುಮಾಡಿ, ಗುಲಾಬಿ ಮಾತ್ರೆ ಹೇಳಿ, ಅಜ್ಜಿಯ ಬೈಗುಳ ಹೇಳಿ, ಕೊನೆಗೆ ನನ್ನ ಅವ್ವನ ಕಥೆಗೆ ಬಂದೆ. “ನನ್ನ ಹೆತ್ತ ತಾಯಿಯನ್ನೇ ಮರೆತರು. ಆದರೂ ನಾವು ಗಂಡ ಹೆಂಡತಿ ಇಬ್ಬರೂ ಅವರನ್ನು ಕ್ಷಮಿಸಿದೆವು. ಯಾಕೆಂದರೆ ಮನುಷ್ಯ ಎಂದಮೇಲೆ ತಪ್ಪು ಸಹಜ” ಎಂದೆ. ಚಪ್ಪಾಳೆ ಬಿತ್ತು. ಆಪಾ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಎಲ್ಲರ ಜೊತೆ ನಕ್ಕರು. ನಗುತ್ತಲೇ ನನ್ನ ಹೆಂಡತಿಯ ಕಡೆ ನೋಡಿ, ಏನೂ ಆಗಿಲ್ಲ, ಊಟ ಮಾಡು ಎನ್ನುವಂತೆ ಕೈಸನ್ನೆ ಮಾಡಿದರು. ಹೆಂಡತಿ ಹೋಳಿಗೆ ಮುಟ್ಟಲಿಲ್ಲ.

ಮನೆ ಇನ್ನೇನು ಬಂತು ಎನ್ನುವಾಗ ಅವಳು “ಗಾಡಿ ನಿಲ್ಸ್ರಿ” ಎಂದಳು. ಮನೆಯಲ್ಲಿ ಅವ್ವ ಇದ್ದಳಲ್ಲ, ಅಲ್ಲಿ ಹೇಳುವ ಮಾತಲ್ಲ ಎಂದು ತೋರಿತು. ರಸ್ತೆ ಬದಿಗೆ ಕಾರು ನಿಲ್ಲಿಸಿದೆ.

“ಆಪಾ ಏನೂ ಮರೆತಿರ್ಲಿಲ್ಲ. ನಾನು ಹೇಳಿದ್ದೇ ನಮ್ಮಮ್ಮನ ಹೆಸರು. ನಿಮ್ಮವ್ವಂದಲ್ಲ.”

ನಾನು ಎಂಜಿನ್ ಆರಿಸಿದೆ.

“ಯಾರಾದ್ರೂ ಕೇಳಿದ್ರೆ ಏನ್ಮಾಡ್ಲಿ ಅಂದೆ. ‘ನನ್ನ ಮೇಲೆ ಹಾಕ್ಬಿಡಮ್ಮ, ನಂಗೆ ಅತ್ತೆನೂ ಇಲ್ಲ ಗಂಡನೂ ಇಲ್ಲ, ಬೈಸ್ಕಳಕೆ ಏನು’ ಅಂದ್ರು. ಹಿರಿಯೂರಿನ ಹೆಣ್ಮಕ್ಳಿಗೂ ಹಂಗೇ ಮಾಡ್ತಿದ್ರಂತೆ. ಅಲ್ಲಿ ಆ ಹುಡುಗನ್ನ ಕೂರ್ಸಿದ್ರಲ್ಲ ನೀವು, ಎಲ್ಲರೆದುರು ಪರದೆ ಮೇಲೆ ತಾಯಿ ಹೆಸರು ಹಾಕ್ಸೋ ಧೈರ್ಯ ಯಾರಿಗಿರ್ತೈತೆ?”

ನನ್ನ ತಲೆಯಲ್ಲಿ ಆ ಒಂದೂ ದೂರಿಲ್ಲದ ವರ್ಷ ಸುತ್ತತೊಡಗಿತು. ಎಷ್ಟು ತಾಯಂದಿರ ಔಷಧಿ ಆ ವರ್ಷ ನಿಂತಿತೋ. ಆಮೇಲೆ ಇನ್ನೂ ಕೆಟ್ಟ ಯೋಚನೆಯೊಂದು ಬಂತು. ನಮ್ಮತ್ತೆಯ ಮಾತ್ರೆಗಳು ಎಲ್ಲಿಂದ ಬರುತ್ತವೆ ಎಂದು ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಔಷಧಿಯ ವ್ಯವಹಾರದಲ್ಲೇ ಅನ್ನ ತಿನ್ನುವವನು! ನಾಚಿಕೆಯಿಂದ ಅವಳ ಕಡೆ ತಿರುಗಲಾಗದೆ ಎದುರಿಗೆ ನೋಡುತ್ತಾ ಕೂತೆ. ಆದರೂ ಬಾಯಿ ಸುಮ್ಮನಿರಲಿಲ್ಲ.

“ನನಗೆ ಹೇಳಿದ್ರೆ ನಾನು ಬೇಡ ಅಂತಿದ್ನೇನೆ?”

ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು.

“ಇಲ್ಲ, ಬೇಡ ಅಂತಿರ್ಲಿಲ್ಲ. ‘ಆಗ್ಲಿ’ ಅಂತಿದ್ರಿ. ಆಮೇಲೆ ಇವತ್ತು ಅಲ್ಲಿ ನಿಂತ್ಕಂಡು ಹೇಳಿದ್ರಲ್ಲ, ಹಂಗೆ ಊರಿಗೆಲ್ಲ ಹೇಳ್ತಿದ್ರಿ. ನಮ್ಮಮ್ಮ ಒಂದೊಂದು ಮಾತ್ರೆ ನುಂಗುವಾಗ್ಲೂ ನಿಮಗೆ ಕೈ ಮುಗೀಬೇಕಾಗಿತ್ತು.”